ದಾರಿಹೋಕರನ್ನೇ ಟೈಮ್ ಕೇಳುವ ಗಡಿಯಾರದಜ್ಜ

ಗಡಿಯಾರದ ಡಬ್ಬಿ ತೆರೆದ ಬಟ್ಟೆ ಅಂಗಡಿ ಯಜಮಾನ ಹಾಕಿದ ಕೂಗಿಗೆ ಬೀದಿಯೇ ನಿಂತುಬಿಟ್ಟಿತು.

"ಅಯ್ಯಯ್ಯೋ! ನಾನು ರಿಪೇರಿಗೆ ಕೊಟ್ಟದ್ದು ಚಿನ್ನದ ಗಡಿಯಾರ. ಇದು ಹಿತ್ತಾಳೆ!"

ಗಡಿಯಾರದಜ್ಜನ ಅಂಗಡಿಯಲ್ಲಿ ಇಬ್ಬರು ನಿಂತರೆ ಮೂರನೆಯವನಿಗೆ ಉಸಿರಾಡಲು ಜಾಗವಿಲ್ಲ. ಗೋಡೆ ತುಂಬ ಗಡಿಯಾರ, ಒಂದೊಂದರದ್ದು ಒಂದೊಂದು ಹೊತ್ತು. ರಿಪೇರಿಯಾದದ್ದನ್ನು ಸುಮ್ಮನೆ ಓಡಲು ಬಿಟ್ಟು, ಗಿರಾಕಿ ಬಂದ ಮೇಲೆಯೇ ಟೈಮ್ ಸರಿಮಾಡುವುದು ಅಲ್ಲಿಯ ರೂಢಿ. ಅವುಗಳ ನಡುವೆ ಅಜ್ಜ ಬೊಂಬೆಯ ಹಾಗೆ ಕೂತಿದ್ದ. ಒಳಕೋಣೆಯ ಬಾಗಿಲಲ್ಲಿ ಅವನ ಸೊಸೆ ನಿಂತಿದ್ದಳು.

ಇನ್‌ಸ್ಪೆಕ್ಟರಮ್ಮ ದಫೇದಾರನ ಜೊತೆ ಬಂದಳು.

"ಅಜ್ಜಾ, ನಿನ್ನೆ ಇವರು ಕೊಟ್ಟದ್ದೇನು?"

"ಚಿನ್ನದ್ದೇ ತಾಯಿ. ಕೈಯಲ್ಲಿ ತೂಗಿ ನೋಡಿದೆ. ಹಿತ್ತಾಳೆಗೆ ಆ ಭಾರ ಎಲ್ಲಿಂದ ಬರಬೇಕು?"

"ಡಬ್ಬಿಗೆ ಹಾಕಿದ್ದು ಯಾರು?"

"ಅವರೇ. ಒಂದ್ಸಲ ಕೀ ಕೊಟ್ಟು ನೋಡ್ತೀನಿ ಅಂತ ವಾಪಸ್ ಇಸ್ಕೊಂಡ್ರು. ಆಮೇಲೆ ಡಬ್ಬಿಗೆ ಹಾಕಿ ಕೊಟ್ರು."

"ಚಿನ್ನದ್ದನ್ನೇ ಹಾಕಿದ್ದು ನೀವು ಕಣ್ಣಾರೆ ನೋಡಿದಿರಾ?"

ಅಜ್ಜ ಗೋಣು ಹಾಕಿದ. "ನೋಡಿದೆ."

"ಆಮೇಲೆ ಡಬ್ಬಿ ಮುಟ್ಟಿದವರು?"

"ನಾನು," ಅಂದಳು ಸೊಸೆ. "ಮಾವ ಅದನ್ನ ಇನ್ನೂ ಬಿಚ್ಚಿರಲಿಲ್ಲ. ನಾನು ತೆಗೆದಾಗಲೇ ಹಿತ್ತಾಳೆ ಇತ್ತು."

"ಹಾಗಾದರೆ ನಿಮ್ಮ ಮಾವ ಹೇಳ್ತಿರೋದು ಸುಳ್ಳಾ?"

ಸೊಸೆ ಮಾವನ ಮುಖ ನೋಡಿದಳು.

"ಸಿಕ್ಕಳಲ್ಲ ಕಳ್ಳಿ!" ಅಂದ ಯಜಮಾನ. "ಊರಿನ ಆ ಕೊನೆಯಿಂದ ಹೆಸರು ಕೇಳಿ ಬಂದೆ ಮೇಡಂ. ಈ ಮುದುಕನ ಮುಖ ನೋಡಿದ್ದೇ ನಿನ್ನೆ."

ಎಲ್ಲರನ್ನೂ ಠಾಣೆಗೆ ಕರೆತಂದರು. ಸೊಸೆಯನ್ನು ದಫೇದಾರ ಹಿಂದೆ ತಡೆದು ನಿಲ್ಲಿಸಿದ್ದ. ಅಜ್ಜ, ಯಜಮಾನ ಮುಂದೆ ನಡೆದರು. ಬಾಗಿಲ ಹತ್ತಿರ ಯಜಮಾನ ಮೆಲ್ಲಗೆ, "ಇಲ್ಲಿ ಮೆಟ್ಟಿಲಿದೆ ಅಜ್ಜಾ, ಕಾಲು ಎತ್ತಿಡಿ," ಅಂದ.

ದಫೇದಾರ ಕಿಸಕ್ಕನೆ ನಕ್ಕ. "ಸೊಸೆಗೆ ಕಳ್ಳಿ ಅಂತ ಬೈಯೋದೂ ಇವನೇ, ಮಾವನಿಗೆ ಉಪಚಾರ ಮಾಡೋದೂ ಇವನೇ."

* * *

ಹೇಳಿಕೆ ಬರೆದುಕೊಂಡು ಅವತ್ತು ಎಲ್ಲರನ್ನೂ ಕಳಿಸಿದರು. ಸೊಸೆಯ ಮೇಲೆ ಅನುಮಾನ ಗಟ್ಟಿಯಾಗಿತ್ತು. ಬೆಳಗ್ಗೆ ದಫೇದಾರ ಇನ್ನೊಂದು ಸುದ್ದಿ ತಂದ.

"ಮೇಡಂ, ಮುದುಕನೂ ಸಾಮಾನ್ಯ ಅಲ್ಲ. ದಿನಾ ಬಾಗಿಲಲ್ಲಿ ನಿಂತು ಹೋಗೋ ಬರೋರನ್ನ ಟೈಮ್ ಕೇಳ್ತಾನಂತೆ. ಅಂಗಡಿ ತುಂಬ ಗಡಿಯಾರ ಇಟ್ಕೊಂಡು! ಅದೂ ಅಪರಿಚಿತರನ್ನೇ. ಪಕ್ಕದ ಕ್ಷೌರದಂಗಡಿಯವನನ್ನ ಒಂದಿನಾನೂ ಕೇಳಿಲ್ಲ."

ಇನ್‌ಸ್ಪೆಕ್ಟರಮ್ಮನ ಕಿವಿ ನೆಟ್ಟಗಾಯಿತು. ಟೈಮ್ ಕೇಳುವುದು ಸಂಕೇತವಿರಬಹುದೇ? ಮಾಲು ಸಾಗಿಸುವವನಿಗೆ ಸನ್ನೆಯೇ? ಇಲ್ಲದಿದ್ದರೆ ಅಂಗಡಿಯ ಎದುರಿಗೇ, ಬ್ಯಾಂಕಿನ ಗೋಡೆಯ ಮೇಲೆ ತಟ್ಟೆಯಗಲದ ಗಡಿಯಾರ ಇದೆಯಲ್ಲ!

ನೋಡೇಬಿಡೋಣ ಅಂತ ಹೊರಟಳು. ನಡುಮಧ್ಯಾಹ್ನ. ಮೈಮೇಲೆ ಪೂರ್ತಿ ಖಾಕಿ. ಅಜ್ಜ ಬಾಗಿಲಲ್ಲೇ ಇದ್ದ. ಅವಳ ಬೂಟು ಅವನ ಮುಂದೆ ಬಂದು ನಿಂತಿತು.

"ತಮ್ಮಾ," ಅಂದ ಅಜ್ಜ, "ಸರಿಯಾದ ಟೈಮ್ ಎಷ್ಟಪ್ಪಾ?"

ಅವಳು ಎದುರಿನ ಬ್ಯಾಂಕಿನ ಗಡಿಯಾರ ನೋಡಿದಳು.

"ಹನ್ನೆರಡಾಯ್ತು ಅಜ್ಜಾ."

ದನಿ ಕೇಳಿ ಅಜ್ಜನ ಮುಖ ಬಿಳಚಿಕೊಂಡಿತು. "ಬಿಸಿಲು ತಾಯಿ... ಕಣ್ಣಿಗೆ ಹೊಡೀತು."

ಠಾಣೆಗೆ ಮರಳಿದರೆ ಒಬ್ಬ ಹೆಂಗಸು ಕಾದು ಕೂತಿದ್ದಳು. ಬಟ್ಟೆ ಅಂಗಡಿ ಯಜಮಾನನ ಅಕ್ಕ.

"ಅದು ನಮ್ಮಪ್ಪನ ಗಡಿಯಾರ. ಮಗಳಿಗೆ ಅಂತ ಹೇಳಿ ಕಣ್ಣು ಮುಚ್ಚಿದ್ರು. ಇವತ್ತು ಕೊಡ್ತೀನಿ, ನಾಳೆ ಕೊಡ್ತೀನಿ ಅಂತ ತಮ್ಮ ಸತಾಯಿಸ್ತಾನೇ ಇದ್ದ. ರಿಪೇರಿ ಮಾಡಿಸಿ ಈ ವಾರ ಕೊಡೋನಿದ್ದ. ಅಷ್ಟರಲ್ಲಿ ಹೀಗಾಯ್ತು."

* * *

ಸಂಜೆ ಎಲ್ಲರೂ ಮತ್ತೆ ಠಾಣೆಯಲ್ಲಿ ಸೇರಿದರು.

"ಅಜ್ಜಾ," ಅಂದಳು ಇನ್‌ಸ್ಪೆಕ್ಟರಮ್ಮ, "ಡಬ್ಬಿಗೆ ಚಿನ್ನದ್ದನ್ನೇ ಹಾಕಿದ್ದು ನೋಡಿದೆ ಅಂದ್ರಿ. ಆ ಒಂದು ಮಾತಿನ ಮೇಲೆ ನಿಮ್ಮ ಸೊಸೆಯನ್ನ ಒಳಗೆ ಹಾಕಬೇಕು. ಹಾಕಲಾ?"

ಸೊಸೆ ಥಟ್ಟನೆ, "ಹಾಕಿ ಮೇಡಂ, ಮಾವನ್ನ ಕೆಣಕಬೇಡಿ," ಅಂದಳು.

ಅಜ್ಜ ಸೊಸೆಯ ದನಿಯತ್ತ ಕೈ ಚಾಚಿದ. "ನೋಡಲಿಲ್ಲ ತಾಯಿ. ನೋಡೋಕಾಗಲ್ಲ. ಬೆಳಕು ಕಾಣುತ್ತೆ, ಆಳು ಓಡಾಡೋದು ಕಾಣುತ್ತೆ. ಅಷ್ಟೇ."

"ಅದಕ್ಕೇ ದಾರಿಹೋಕರನ್ನ ಟೈಮ್ ಕೇಳ್ತಿದ್ರಿ."

"ಮತ್ತೇನು ಮಾಡಲಿ? ಗಡಿಯಾರ ಸರಿಮಾಡಿ ಕೊಡಬೇಕಲ್ಲ. ಮುಳ್ಳನ್ನ ಬೆರಳಲ್ಲಿ ತಡವಿ ತಿರುಗಿಸ್ತೀನಿ. ಗುರುತಿನವರನ್ನ ಕೇಳಿದ್ರೆ, ಯಾಕಜ್ಜಾ ಅಂತಾರೆ. ಗುರುತಿಲ್ಲದವರು ಟೈಮ್ ಹೇಳಿ ಅವರ ಪಾಡಿಗೆ ಹೋಗ್ತಾರೆ."

"ಹೋಗ್ತಾರೆ. ಆದರೆ ಹಿಂದೊಂದಿನ ಒಬ್ಬ ಹಾಗೆ ಹೋಗಲಿಲ್ಲ. ಇಷ್ಟೊಂದು ಗಡಿಯಾರ ಇರೋನು ನನ್ನನ್ಯಾಕೆ ಕೇಳಿದ ಅಂತ ನಿಂತು ಯೋಚನೆ ಮಾಡಿದ." ಅವಳು ಯಜಮಾನನ ಕಡೆ ತಿರುಗಿದಳು. "ಅಲ್ವಾ?"

"ನನಗೇನು ಗೊತ್ತು? ಮುದುಕ ಕುರುಡ ಅಂತ ಈಗಲೇ ತಿಳಿದದ್ದು!"

"ಹೌದಾ? ಹಾಗಾದ್ರೆ ನಿನ್ನೆ ಮೆಟ್ಟಿಲಿದೆ, ಕಾಲು ಎತ್ತಿಡಿ ಅಂತ ಯಾಕೆ ಹೇಳಿದ್ರಿ? ಹಗಲು ಬೆಳಕಲ್ಲಿ, ಎದುರಿಗೇ ಇರೋ ಮೆಟ್ಟಿಲು?"

ಯಜಮಾನ ಬಾಗಿಲ ಕಡೆ ನೋಡಿದ. ದಫೇದಾರ ಅಡ್ಡ ನಿಂತ.

"ಮೊದಲು ಚಿನ್ನದ್ದು ಕೊಟ್ರಿ. ಭಾರ ನೋಡಿ ಅಜ್ಜ ಒಪ್ಪಿಕೊಂಡರು. ಕೀ ಕೊಡೋ ನೆಪದಲ್ಲಿ ಇಸ್ಕೊಂಡು ಡಬ್ಬಿಗೆ ಹಿತ್ತಾಳೆ ಹಾಕಿದ್ರಿ. ಕಣ್ಣಿರೋರ ಮೂಗಿನ ಕೆಳಗೆ ಈ ಆಟ ನಡೆಯುತ್ತಾ? ಕಾಣಲ್ಲ ಅಂತ ಗೊತ್ತಿದ್ದೋನಿಗೆ ಮಾತ್ರ ಆ ಧೈರ್ಯ. ಕಾಣಲ್ಲ ಅಂತ ಅಜ್ಜ ಬಾಯಿ ಬಿಡಲ್ಲ ಅನ್ನೋದೂ ಗೊತ್ತಿತ್ತು ನಿಮಗೆ. ಗಡಿಯಾರ ಕಳುವಾಯ್ತು ಅಂದ್ರೆ ಅಕ್ಕನಿಗೆ ಕೊಡೋ ಗೋಜೇ ಇಲ್ಲ."

ಅಕ್ಕ ಮೂಲೆಯಿಂದ ಎದ್ದು ಬಂದಳು. "ಎಲ್ಲಿಟ್ಟಿದ್ದೀಯೋ?"

ಯಜಮಾನ ತಲೆ ತಗ್ಗಿಸಿದ. "ಅಂಗಡಿಯಲ್ಲಿ... ಕಂಬಳಿ ಗಂಟಿನೊಳಗೆ. ಅಪ್ಪನ್ನ ಕೊನೇವರೆಗೂ ನೋಡಿಕೊಂಡೋನು ನಾನು ಕಣೇ ಅಕ್ಕಾ. ನನಗೊಂದು ಗಡಿಯಾರ ಬೇಡವಾ?"

"ಕೇಳಿದ್ರೆ ಕೊಡ್ತಿದ್ದೆನಲ್ಲೋ, ಮೂದೇವಿ," ಅಂದಳು ಅಕ್ಕ.

ದಫೇದಾರ ಅವನನ್ನು ಕರೆದುಕೊಂಡು ಹೋದ.

ಅಜ್ಜ ಬೆಂಚಿನ ಮೇಲೆ ಹಾಗೇ ಕೂತಿದ್ದ. "ಇನ್ನು ಅಂಗಡಿಗೆ ಬೀಗ ಹಾಕೋದೇ ಸೈ. ಕಾಣದೋನ ಕೈಗೆ ಗಡಿಯಾರ ಯಾರು ಕೊಡ್ತಾರೆ?"

"ಯಾಕೆ ಹಾಕಬೇಕು ಮಾವಾ? ನೀವು ಜೋಡಿಸಿಟ್ಟದ್ದನ್ನ, ನೀವು ಊಟಕ್ಕೆ ಎದ್ದಾಗ ಬಿಚ್ಚಿ ಸರಿಮಾಡ್ತಿದ್ದದ್ದು ಯಾರು ಅಂದ್ಕೊಂಡ್ರಿ?"

"ನಿನಗೆ ಗೊತ್ತಿತ್ತಾ?"

"ಮೊದಲಿಂದಲೂ. ನಾಳೆಯಿಂದ ಮುಂದಿನ ಕುರ್ಚಿಯಲ್ಲಿ ನಾನು ಕೂರ್ತೀನಿ. ಗಿರಾಕಿಗಳ ಹತ್ರ ಮಾತಾಡೋದು ನಿಮ್ಮ ಕೆಲಸ. ನನಗೆ ಬರಲ್ಲ."

ಅಜ್ಜ ಅವಳ ಭುಜ ಹಿಡಿದು ಎದ್ದ.

"ಆ ಕುರ್ಚಿಯ ಎಡಗಾಲು ಅಲ್ಲಾಡುತ್ತೆ," ಅಂದ. "ನೋಡಿಕೊಂಡು ಕೂತ್ಕೋ."