ಹುಳ ಹಣ್ಣಾದ ದಿನ

"ಏಯ್... ನಿಂತ್ಕೊ ಅಲ್ಲೇ! ಒಳಿಕ್ಕೆ ಕಾಲಿಕ್ಕಬ್ಯಾಡ!"

ಬಾಗಿಲಿಗೆ ಎರಡೂ ಕೈ ಅಡ್ಡ ಹಿಡಿದು ನಿಂತಿದ್ದಳು ಮಲ್ಲಿಗಮ್ಮ. ಎದುರಿಗೆ, ಹೆಗಲ ಮೇಲೆ ಹುಳದ ತಟ್ಟೆಗೆ ಹಾಸುವ ಹಳೇ ಪೇಪರಿನ ಕಟ್ಟು ಹೊತ್ತ ಪಾರ್ಸೆಲ್ ವ್ಯಾನಿನ ಡ್ರೈವರ್ ಹೊನ್ನಯ್ಯ.

"ಪಾರ್ಸೆಲ್ ಕಣಮ್ಮ! ಒಳಗಿಕ್ಕಿ, ರುಜು ಆಕುಸ್ಕೊಂಡು ಓಯ್ತೀನಿ."

"ಇಸ್ಸಿ, ಡೀಸೆಲ್ ವಾಸ್ನೆ! ಇಂದಕ್ಕೆ ಓಗು! ನಿನ್ನಂತೋರು ಈ ಬಾಗ್ಲು ತಾವ್ಕೇ ಬರಬಾರ್ದು!"

ಹೊನ್ನಯ್ಯನ ಮುಖ ಸಪ್ಪಗಾಯಿತು. ಕಟ್ಟನ್ನು ಅಂಗಳದಲ್ಲಿಟ್ಟು, ದೂರದಿಂದಲೇ ಚೀಟಿ ಚಾಚಿ ರುಜು ಹಾಕಿಸಿಕೊಂಡು ಹೋದ.

ಒಳಗೆ ತಟ್ಟೆಗಳ ತುಂಬ ರೇಷ್ಮೆ ಹುಳ. ಡೀಸೆಲ್ ವಾಸನೆ ತಾಗಿದರೆ ಅವು ಸೊಪ್ಪು ಮೇಯುವುದನ್ನೇ ಬಿಡುತ್ತವೆ ಅನ್ನುವುದು ರೇಷ್ಮೆ ಸಾಕುವ ಮನೆಯವರಿಗೆಲ್ಲ ಗೊತ್ತು. ಕಬ್ಬಿನ ಸೀಮೆಯ ಯಲಿಯೂರಿನ ಹುಡುಗನಿಗೆ ಹೇಗೆ ಗೊತ್ತಾಗಬೇಕು, ಪಾಪ!

ಅವನ ಪಾಡೋ, ಯಾರಿಗೂ ಬೇಡ. ಮಂಡ್ಯದ ಆಫೀಸಿನಿಂದ ಬೆಳಗ್ಗೆ ಆರಕ್ಕೆ ಹೊರಟು, ಮದ್ದೂರು ದಾಟಿ, ದಾರಿಯ ಹಳ್ಳಿಗಳಿಗೆಲ್ಲ ಹಂಚಿ, ಹತ್ತಕ್ಕೆ ಮಳವಳ್ಳಿ ಮುಟ್ಟಬೇಕು. ಒಂದೊಂದಕ್ಕೂ ರುಜು ಬೇಕು. ತಡವಾದರೆ ಮ್ಯಾನೇಜರ್ ಬೈಗುಳ. ಒಂದು ಲೋಟ ಕಾಫಿಗೂ ಪುರುಸೊತ್ತಿಲ್ಲ. ಇಷ್ಟರ ಮೇಲೆ 'ನಾರುತ್ತೀಯ' ಅನ್ನಿಸಿಕೊಂಡರೆ ಯಾರಿಗೆ ತಾನೆ ಹೊಟ್ಟೆ ಉರಿಯುವುದಿಲ್ಲ?

ಮಲ್ಲಿಗಮ್ಮನಿಗೋ ಅವತ್ತಿನಿಂದ ಅವನದೇ ಧ್ಯಾನ. ಬೆವರಿಳಿಯುತ್ತಿದ್ದ ಆ ಹಣೆ... ಕಿವಿಗೆ ಸಿಕ್ಕಿಸಿದ ಪೆನ್ಸಿಲ್ಲು... ಸೊಪ್ಪು ಹೆಚ್ಚುವಾಗ ಬೆರಳನ್ನೇ ಹೆಚ್ಚಿಕೊಂಡಳು!

ಆದರೆ ಅವನು ಮತ್ತೆ ಬರಲೇ ಇಲ್ಲ. ಅವಳ ಮನೆಯ ಪಾರ್ಸೆಲುಗಳನ್ನು ರಸ್ತೆ ಬದಿಯ ಶಿವನಂಜಮ್ಮನ ಅಂಗಡಿಯಲ್ಲೇ ಕೊಟ್ಟು ಹೋಗತೊಡಗಿದ.

'ನಾಲ್ಕು ಹೆಜ್ಜೆ ಬರಕ್ಕೂ ಆಗಲ್ವಾ? ಎಷ್ಟು ಜಂಬ ಇವನಿಗೆ!' ಅವಳಿಗೆ ಅಳುವೇ ಬಂದಿತ್ತು.

ಮೂರು ವಾರ ಕಳೆಯಿತು. ಅವತ್ತು ಹುಳ ಹಣ್ಣಾಗಿದ್ದವು. ಮೈ ಹೊಂಬಣ್ಣಕ್ಕೆ ತಿರುಗಿದ ಒಂದೊಂದು ಹುಳವನ್ನೂ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ತಟ್ಟಿಗೆ ಬಿಡಬೇಕು. ತಡವಾದರೆ ತಟ್ಟೆಯಲ್ಲೇ ಗೂಡು ಕಟ್ಟಿ ಬೆಳೆ ಕೆಡುತ್ತದೆ. ಮನೆಮಂದಿಯೆಲ್ಲ ತಲೆ ಎತ್ತದೆ ಆರಿಸುತ್ತಿದ್ದರು.

ಶಿವನಂಜಮ್ಮ ಬಾಗಿಲಾಚೆಯಿಂದಲೇ ಕೂಗಿದಳು.

"ಲೇ ಮಲ್ಲಿ, ನಿಮ್ ಪಾರ್ಸೆಲ್ ಬಂದದೆ ಕಣೇ. ಆ ಡ್ರೈವರು ನಾಳಿಂದ ಬರಾಕಿಲ್ವಂತೆ! ಮೈಸೂರು ಲೈನು ಕೇಳ್ಕೊಂಡವ್ನಂತೆ. ನಾರೋನ್ನ ಕಂಡ್ರೆ ಅಸಯ್ಯ ಪಡೋರ ಊರು ನಂಗ್ಯಾಕೆ ಅಂದ!"

ಮಲ್ಲಿಗಮ್ಮ ಕೈಯಲ್ಲಿದ್ದ ಹುಳವನ್ನು ತಟ್ಟೆಗೇ ಹಾಕಿದಳು. ಅಯ್ಯೋ... ಅವನು ಹಾಗೆ ತಿಳಿದುಕೊಂಡನೇ?

ಎದ್ದೇಬಿಟ್ಟಳು!

"ಉಳ ಬುಟ್ಟು ಎಲ್ಗೇ?" ಅಜ್ಜಿ ಪಟ್ಟಲಮ್ಮ ಅರಚಿದಳು.

ಉತ್ತರ ಕೊಡಲು ಅವಳೆಲ್ಲಿದ್ದಳು! ಹಿಪ್ಪುನೇರಳೆ ತೋಟದ ನಡುವೆ ಅಡ್ಡಹಾದಿ ಹಿಡಿದು ಓಡಿ, ಸುತ್ತಿ ಬರುವ ವ್ಯಾನಿಗಿಂತ ಮೊದಲೇ ಮಳವಳ್ಳಿ ರಸ್ತೆಯ ನಟ್ಟನಡುವೆ ಕೈ ಚಾಚಿ ನಿಂತಳು. ವ್ಯಾನು ಕಿರ್ರೆಂದು ಮಾರು ದೂರದಲ್ಲಿ ನಿಂತಿತು.

"ಸಾಯಾಕೆ ನನ್ ಗಾಡೀನೇ ಬೇಕಿತ್ತಾ?" ಹೊನ್ನಯ್ಯ ಬಾಗಿಲು ತಳ್ಳಿ ಇಳಿದ.

"ಮೈಸೂರಿಗೆ ಓಯ್ತೀಯಂತೆ?"

"ನಾರೋನು ಎಲ್ಲಿಗೋದ್ರೆ ನಿಂಗೇನು? ದಾರಿ ಬುಡು. ಇನ್ನೂ ಇಪ್ಪತ್ತು ಪಾರ್ಸೆಲ್ ಅವೆ."

"ಆ ವಾಸ್ನೆ ಆಗದೇ ಇರಾದು ನಂಗಲ್ಲ ಕಣಯ್ಯ, ನಮ್ಮ ಉಳಕ್ಕೆ! ನಮ್ಮಪ್ಪ ಬೀಡಿ ಸೇದುದ್ರೆ ಅಪ್ಪನ್ನೂ ಒಳಿಕ್ಕೆ ಬುಡಾಕಿಲ್ಲ!"

ಹೊನ್ನಯ್ಯ ಪಿಳಿಪಿಳಿ ನೋಡಿದ.

"ಅಂಗಾರೆ... ನನ್ ಮ್ಯಾಲೆ ಅಸಯ್ಯ ಇಲ್ವಾ?"

"ಇದ್ದಿದ್ರೆ ಅಣ್ಣಾದ ಉಳ ಬುಟ್ಟು ಓಡ್ಬತ್ತಿದ್ನಾ? ಅರಗಳಿಗೆ ತಡವಾದ್ರೂ ಬೆಳೆ ಕೆಡ್ತದೆ... ಆದ್ರೂ ಬಂದೆ!"

ಅವಳು ಅತ್ತೇಬಿಟ್ಟಳು. ತಡ ಅಂದರೆ ಏನೆಂದು ಅವನಿಗಿಂತ ಚೆನ್ನಾಗಿ ಯಾರು ಬಲ್ಲರು? ಮೊದಲ ಬಾರಿಗೆ ಹೊನ್ನಯ್ಯ ಗಡಿಯಾರ ನೋಡದೆ ನಿಂತ.

"ಅಳ್ಬ್ಯಾಡ... ನೀನಂದೆ ಅಂತ್ಲೇ ಅಷ್ಟು ನೊಂದ್ಕೊಂಡೆ ಕಣೆ. ಅರ್ಜಿ ಇವತ್ತೇ ವಾಪಸ್ ತಕ್ಕತೀನಿ. ಬಾನುವಾರ ಬಂದು ನಿಮ್ಮಪ್ಪನ್ನ ಕೇಳ್ತೀನಿ."

"ಅಪ್ಪನ್ನ ಕೇಳೋಕ್ ಮುಂಚೆ ನನ್ನ ಕೇಳ್ಬ್ಯಾಡ್ವಾ?"

"ಮದ್ವೆ ಆಯ್ತೀಯಾ, ಮಲ್ಲಿಗಮ್ಮ?"

"ಹೂಂ ಕಣಯ್ಯ, ಹೂಂ!" ಕಣ್ಣೊರೆಸಿಕೊಂಡು ನಕ್ಕಳು. "ಈಗ ಓಗು... ನಿಂಗೂ ತಡಾಯ್ತು, ನಂಗೂ ತಡಾಯ್ತು!"