ರಾಣಿಯ ಕುರ್ಚಿಯ ತೂಕ

ಮ್ಯೂನಿಕ್‌ನ ಹರಾಜು ಸಂಸ್ಥೆಯೊಂದರಲ್ಲಿ ಹಳೆಯ ಪೀಠೋಪಕರಣಗಳ ಮೂಲ ಪತ್ತೆಹಚ್ಚುವುದು ನನ್ನ ಕೆಲಸ. ಒಂದು ಮಧ್ಯಾಹ್ನ ಫ್ರಾನ್ಸಿನ ರಾಣಿಯದೆನ್ನುವ ಕುರ್ಚಿ ಬಂತು. ಅದರ ಜೋಡಿ ಪ್ಯಾರಿಸ್ಸಿನ ಮ್ಯೂಸಿಯಮ್ಮಿನಲ್ಲಿದೆ. ಕೆತ್ತನೆ, ಅರಮನೆಯ ಮುದ್ರೆ ಎಲ್ಲವೂ ಹೊಂದಿದವು. ತೂಕದ ಯಂತ್ರದ ಮೇಲಿಟ್ಟಾಗ ಮಾತ್ರ ಆ ಜೋಡಿಗಿಂತ ಒಬ್ಬ ಹೆಂಗಸಿನಷ್ಟು ಹೆಚ್ಚು ತೂಗಿತು. ನಕಲಿಯೆಂದು ಬರೆಯಲು ಹೊರಟೆ.

ನನ್ನ ಆಫೀಸು ನೋಡಲು ಬಂದಿದ್ದ ಅತ್ತೆ ಗುರವ್ವ ಆಸನದ ಮೇಲೆ ಕೈಯಿಟ್ಟರು.

"ಬೆಚ್ಚಗೈತಲ್ಲವಾ ಸೌಭಾಗ್ಯಾ! ಯಾರೋ ಕುಂತಾರ."

ಕೋಣೆಯಲ್ಲಿ ಚಳಿ ಕೊರೆಯುತ್ತಿತ್ತು. ನಾನೂ ಮುಟ್ಟಿದೆ, ಬೆಚ್ಚಗೇ ಇತ್ತು.

ಅತ್ತೆ ಕುರ್ಚಿಯತ್ತ ಬಾಗಿ, "ಯವ್ವಾ, ಒಂದೀಟು ಏಳು. ತೂಕ ಮಾಡೂದೈತಿ" ಎಂದರು.

ರೇಷ್ಮೆ ಸರಿದ ಸದ್ದಾಯಿತು. ಅತ್ತೆ ಉಟ್ಟಿದ್ದು ನೂಲಿನ ಸೀರೆ. ತೂಕದ ಯಂತ್ರದ ಮುಳ್ಳು ಸರ್ರನೆ ಇಳಿದು ಪ್ಯಾರಿಸ್ಸಿನ ಜೋಡಿಯ ತೂಕಕ್ಕೇ ನಿಂತಿತು.

ಅಸಲಿಯೆಂದು ವರದಿ ಕೊಟ್ಟೆ. ಆದರೆ ಅತ್ತೆ ಆಡಿದ್ದು ಅಪ್ಪಟ ಧಾರವಾಡದ ಕನ್ನಡ. ಕುಳಿತಿದ್ದವರಿಗೆ ಅದು ಹೇಗೆ ತಿಳಿಯಿತೋ, ನನಗೆ ಇವತ್ತಿಗೂ ಗೊತ್ತಿಲ್ಲ.