ಪುಸ್ತಕದಲ್ಲಿ ಇಲ್ಲದ ಗೂಡು

"ನಿಜ ಹೇಳು ಗೌಹರ್. ಮೇಜಿನ ಮೇಲಿದ್ದ ಪುಸ್ತಕ ನೋಡಿದೆ ಅಲ್ವಾ?"

ಲಕ್ಷ್ಮಿದೇವಮ್ಮ ಮಿಸ್ ಹೀಗೆ ಕೇಳಿದಾಗ ಐದನೇ ಕ್ಲಾಸಿನ ಗೌಹರ್ ಎದ್ದು ನಿಂತಳು. "ಇಲ್ಲ ಮಿಸ್" ಅಂದಿದ್ದು ಅವಳಿಗೇ ಸರಿಯಾಗಿ ಕೇಳಿಸಲಿಲ್ಲ.

ಪಾಪ, ಮಿಸ್ ಅನುಮಾನಪಟ್ಟಿದ್ದರಲ್ಲೂ ತಪ್ಪಿರಲಿಲ್ಲ. ಪ್ರತಿ ಶುಕ್ರವಾರ ಅವರು ಯಾವುದಾದರೂ ಪುಸ್ತಕದ ಒಂದು ಪುಟವನ್ನು ಒಂದೇ ಸಲ ಓದುತ್ತಿದ್ದರು. ಮಕ್ಕಳು ನೆನಪಿದ್ದಷ್ಟನ್ನು ಬರೆಯಬೇಕು. ಗೌಹರ್ ಎರಡು ಸಾಲು ಗೀಚಿ ಪೆನ್ಸಿಲ್ ಕಚ್ಚುತ್ತಾ ಕೂರುವವಳು. ಪುಟವಿಡೀ ಬರೆಯುವವಳು ವೆಂಕಟರತ್ನ, ಕ್ಲಾಸಿಗೇ ಫಸ್ಟ್. ಅಂಥವಳೇ ಇವತ್ತು ಆರು ಸಾಲಿಗೆ ಕೈಚೆಲ್ಲಿದ್ದಳು. ಗೌಹರ್ ಬರೆದದ್ದು ಹದಿನಾರು ಸಾಲು.

"ಸುಳ್ಳು ಹೇಳಿದ್ರೆ ನಾಳೆ ನಿಮ್ಮಪ್ಪನ್ನ ಕರ್ಕೊಂಡ್ ಬರ್ಬೇಕಾಗತ್ತೆ."

ಅವಳ ಅಬ್ಬಾ ಬಂದರೆ? ಮಗಳು ಕಾಪಿ ಹೊಡೆದಳು ಅಂತ ಗೊತ್ತಾದರೆ ಅವರು ಬೈಯುವುದಿಲ್ಲ, ಮಾತೇ ಬಿಟ್ಟುಬಿಡುತ್ತಾರೆ. ಅದನ್ನು ನೆನೆಸಿಕೊಂಡೇ ಅವಳಿಗೆ ಅಳು ಬಂತು.

ಮಿಸ್ ಅವಳ ನೋಟ್‌ಬುಕ್ಕನ್ನು ಪುಸ್ತಕದ ಪಕ್ಕ ಇಟ್ಟು ಬೆರಳಿಟ್ಟು ಓದತೊಡಗಿದರು. ರೇಷ್ಮೆಗೂಡನ್ನು ಬಿಸಿನೀರಲ್ಲಿ ಬೇಯಿಸುವುದು, ಎಳೆಯ ತುದಿ ಹುಡುಕುವುದು, ಏಳೆಂಟು ಎಳೆ ಸೇರಿಸಿ ಸುತ್ತುವುದು, ಎಲ್ಲ ಸರಿಯಾಗಿತ್ತು. ಒಂದು ಕಡೆ ಬೆರಳು ನಿಂತಿತು.

"ಎರಡು ಹುಳ ಸೇರಿ ಕಟ್ಟಿದ ಗೂಡನ್ನು ಬೇರೆ ಇಡಬೇಕು ಅಂತ ಬರ್ದಿದ್ದೀಯ. ಇದೆಲ್ಲಿಂದ ಬಂತು?"

"ನೀವೇ ಓದಿದ್ರಲ್ಲ ಮಿಸ್."

"ನಾನು ಓದ್ಲಿಲ್ಲಮ್ಮ. ಪುಸ್ತಕದಲ್ಲೇ ಇಲ್ಲ."

ಗೌಹರ್ ತಬ್ಬಿಬ್ಬಾದಳು. "ಇರ್ಲೇಬೇಕು ಮಿಸ್. ಅದನ್ನ ಆರಿಸಿ ತೆಗೀದಿದ್ರೆ ಎಳೆ ಸಿಕ್ಕಾಗತ್ತೆ. ನಮ್ಮಮ್ಮಿ ದಿನಾ ರೇಷ್ಮೆ ತೆಗೆಯೋಕೆ ಕೂತಾಗ ಮೊದ್ಲು ಆರ್ಸೋದೇ ಅದನ್ನ."

ಮಿಸ್ ಪುಸ್ತಕ ಮುಚ್ಚಿದರು. "ನೋಡಿ ಬರ್ದಿದ್ರೆ ಇಲ್ಲದ್ದು ಹೆಂಗ್ ಬರ್ತಿತ್ತು? ತಪ್ಪು ನಂದೇ ಕಣಮ್ಮ."

ಗೌಹರ್ ಕಣ್ಣೊರೆಸಿಕೊಂಡಳು. ಮಿಸ್ ಓದುವಾಗ ತನಗೆ ಕಂಡದ್ದು ಅಕ್ಷರವಲ್ಲ, ಬಿಸಿನೀರಲ್ಲಿ ಆಡುವ ಅಮ್ಮಿಯ ಕೈ ಎಂದು ಅವಳಿಗೆ ಈಗ ಹೊಳೆಯಿತು.

"ಬರೋ ಶುಕ್ರವಾರ ಹಡಗಿನ ವಿಷಯ," ಎಂದು ಹೇಳಿ ಮಿಸ್ ಹೊರಟರು.

ಹಡಗಂತೆ! ಗೌಹರ್ ಶಿಡ್ಲಘಟ್ಟ ಬಿಟ್ಟು ಹೋಗಿದ್ದು ಹತ್ತಿರದ ಮುರುಗಮಲ್ಲದ ದರ್ಗಾಕ್ಕೆ, ಅಷ್ಟೆ. ಅವಳು ಎದ್ದು ವೆಂಕಟರತ್ನಳ ಪಕ್ಕಕ್ಕೆ ಹೋದಳು. ಹೋದ ವರ್ಷದವರೆಗೂ ರತ್ನಳ ಅಪ್ಪನಿಗೆ ಮಂಗಳೂರು ಬಂದರಿನಲ್ಲಿ ಕೆಲಸ.

"ರತ್ನ, ಹಡಗಿನೊಳಗೆ ಹೋಗಿದ್ದೀಯೇನೇ?"

"ಹ್ಞೂಂ, ಎರಡ್ಸಲ. ಯಾಕೆ? ಶುಕ್ರವಾರ ಮಿಸ್ಸೇ ಓದ್ತಾರಲ್ಲ."

"ಅಷ್ಟರೊಳಗೆ ನಾನೂ ಒಂದ್ಸಲ ನೋಡ್ಬೇಕು ಕಣೇ." ಗೌಹರ್ ಚಕ್ಕಳಮಕ್ಕಳ ಹಾಕಿ ಕೂತು ಕಣ್ಣು ಮುಚ್ಚಿಕೊಂಡಳು. "ಹತ್ತೋದು ಎಲ್ಲಿಂದ? ಅಲ್ಲಿಂದ ಹೇಳು."